ಪಕ್ಕೀರವ್ವನ ಮೊದಲ ಗುಟುಕು

ಪಕ್ಕೀರವ್ವ ಚಹಾದ ಮೊದಲ ಗುಟುಕನ್ನು ಕೂಡಲೇ ನುಂಗಿದವಳಲ್ಲ. ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಾ ಕೂತಳೆಂದರೆ, ಹನುಮಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮಾರುವ ಮದಾರಸಾಬ ಒಲೆಯ ಮೇಲಿನ ಹಾಲನ್ನೂ ಮರೆತು ಆಕೆಯ ತೀರ್ಪಿಗಾಗಿ ಕಾಯುತ್ತಿದ್ದ. "ಎಮ್ಮಿಗೆ ಹತ್ತಿಕಾಳು ಹಾಕೂದು ಬಿಟ್ಟೀಯೇನೋ," ಎಂದರೆ ಆತ ತಲೆ ತಗ್ಗಿಸಿ ಹೌದೆನ್ನುತ್ತಿದ್ದ. ರುಚಿಯ ಬಗ್ಗೆ ಆಕೆ ಎಂದೂ "ಛಲೋ ಐತಿ" ಎಂದವಳಲ್ಲ. ಅದು ಆಕೆಯ ದೃಷ್ಟಿಯಲ್ಲಿ ನಾಲಿಗೆಗಳ್ಳರ ಮಾತು. ಪ್ರತಿ ರುಚಿಗೂ ಒಂದು ಊರು, ಒಂದು ಹೊತ್ತು ಇರಲೇಬೇಕು: ಲಿಂಬೆಯ ಉಪ್ಪಿನಕಾಯಿಯೊಂದನ್ನು ನೆಕ್ಕಿ, ಇಟಗಿ ಸೀಮೆಯ ಕಡಲೆಸೊಪ್ಪಿನ ಮೇಲೆ ಬೆಳಗಿನ ಜಾವ ಕೂರುವ ಹುಳಿ ಇಬ್ಬನಿಯನ್ನು ನೆನೆದವಳು ಆಕೆ.

ಹೋದ ವರ್ಷ ಬಂದ ಜ್ವರ ಇಳಿಯುವಾಗ ಆ ನಾಲಿಗೆಯನ್ನೂ ಮೂಗನ್ನೂ ಕೊಂಡೊಯ್ದಿತು. ಆಕೆ ಯಾರಿಗೂ ಹೇಳಲಿಲ್ಲ. ಸೊಸೆ ಸುರೇಖಾಳಿಗೆ ಗೊತ್ತಾದದ್ದು, ಉಪ್ಪು ಹಾಕಲು ಮರೆತ ಸಾರನ್ನು ಉಂಡು ಅತ್ತೆ "ಛಲೋ ಐತಿ" ಎಂದಾಗ. ರುಚಿ ತಿರುಗಿ ಬರಬಹುದು, ಬಾರದಿರಲೂಬಹುದು ಎಂದರು ಡಾಕ್ಟರು.

ಸುರೇಖಾ ಕುಷ್ಟಗಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ಗೆಳತಿ ಕೊಟ್ಟ ಗ್ರೀನ್ ಟೀ ಪೊಟ್ಟಣವನ್ನು ಮನೆಗೆ ತಂದದ್ದು ತನಗಾಗಿ. ಹಾಲಿಲ್ಲದ, ಸಕ್ಕರೆಯಿಲ್ಲದ, ಕಡಲೆ ನೆನೆಸಿದ ನೀರಿನ ಬಣ್ಣದ ಅದನ್ನು ಪಕ್ಕೀರವ್ವ ತಾನೂ ಒಂದು ಲೋಟ ಕೇಳಿ ಪಡೆದು, ಬಾಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಆಯುಷ್ಯದಲ್ಲಿ ಎಂದೂ ಕುಡಿಯದ ಪದಾರ್ಥ. ನೆನಪಿನಿಂದ ಕಡ ತಂದು ಹೇಳುವುದಕ್ಕೂ ದಾರಿಯಿಲ್ಲ.

"ಬಿಸಿ ಐತಿ ಅನ್ನೂದೊಂದ ತಿಳೀತೈತಿ," ಎಂದಳು. "ಏನೈತಿ ಇದರಾಗ, ನೀ ಹೇಳು."

"ಹುಲ್ಲಿನಂಗ ಐತ್ರಿ ಅತ್ತಿ."

"ಯಾವ ಹುಲ್ಲು? ಹಸೀದೋ, ಬಣವ್ಯಾಗಿಂದೋ?"

ಸುರೇಖಾ ಸೋತಳು. ಮರುಸಂಜೆಯೂ ಸೋತಳು. ಗುಟುಕು ಇಳಿದ ಮೇಲೆ ಉಳಿಯುವ ಒಗರನ್ನು ಹೇಳಹೋಗಿ ತಡವರಿಸಿದಾಗ, ಅತ್ತೆ ಪಾತ್ರೆಯ ತಳದಲ್ಲಿ ಅರಳಿ ಕೂತಿದ್ದ ಎಲೆಗಳಿಗೆ ಉಳ್ಳಾಗಡ್ಡಿ, ಖಾರ ಬೆರೆಸಿ, ಹಸಿಯಾಗಿಯೇ ತಿನ್ನುವ ಹಕ್ಕರಿಕೆ ಸೊಪ್ಪಿನ ಹಾಗೆ ರೊಟ್ಟಿಯ ಮೇಲಿಟ್ಟು ಕೊಟ್ಟಳು. "ಸೊಪ್ಪು ಯಾರರ ಚೆಲ್ಲತಾರೇನು? ತಿನ್ನು, ಮಾತು ಬರತೈತಿ." ನಗು ಬರಬೇಕಾಗಿದ್ದ ಹೊತ್ತಿನಲ್ಲಿ ಸುರೇಖಾಳಿಗೆ ಭಯಭಕ್ತಿ ಹುಟ್ಟಿತು. ತನ್ನ ನಾಲಿಗೆ ಹೋದವಳು ಮೂಲೆ ಹಿಡಿಯದೆ ಇನ್ನೊಬ್ಬಳ ನಾಲಿಗೆಯನ್ನು ಪಳಗಿಸುತ್ತಿದ್ದಳು.

ಜೋಳ ಹಾಲುಗಾಳಾಗುವ ದಿನಗಳ ಒಂದು ಸಂಜೆ, ಸುರೇಖಾ ತಾನೂ ಗುಟುಕನ್ನು ಕೂಡಲೇ ನುಂಗದೆ ಕಣ್ಣು ಮುಚ್ಚಿದಳು.

"ಸೀತನಿ ಅತ್ತಿ. ಎಳೀ ತೆನಿ ಕೆಂಡದಾಗಿಂದ ತಗದು ಅಂಗೈಯಾಗ ತಿಕ್ಕಿದ ಕೂಡಲೆ ಏಳತೈತಲ್ರಿ, ಆ ಹಬಿ. ಕಾಳಲ್ಲ, ಬರೇ ಹಬಿ."

ಪಕ್ಕೀರವ್ವನ ಬೆರಳಿಗೆ ಸುತ್ತಿದ್ದ ಸೆರಗು ಸಡಿಲಾಯಿತು. ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು.

"ಈಗ ಬಂತು ನೋಡು," ಎಂದಳು.

ನಾಲಿಗೆಗೆ ಏನೂ ಮರಳಿರಲಿಲ್ಲ. ಮರುದಿನದ ಸಾರೂ ಆಕೆಗೆ ಬರೀ ಬಿಸಿನೀರು. ಆದರೂ ಅಂದಿನಿಂದ ಆಕೆಯ ಸಂಜೆಯ ಲೋಟ ತಪ್ಪಿಲ್ಲ, ಸೊಸೆಯ ಮಾತು ಮುಗಿಯುವ ತನಕ ಆಕೆ ನುಂಗುವುದೂ ಇಲ್ಲ. ಇಂಥ ರಸಿಕರಿಗೆ ನಾಲಿಗೆ ಒಂದು ನೆಪವೇ ಇರಬೇಕು. ಬದುಕಿನುದ್ದಕ್ಕೂ ಪ್ರತಿಯೊಂದಕ್ಕೂ ಅದರದೇ ಹೆಸರನ್ನು ಹುಡುಕಿದವರಿಗೆ, ಎಲ್ಲ ಕೈಬಿಟ್ಟ ಕಾಲದಲ್ಲಿ, ಪಕ್ಕದಲ್ಲಿ ಕೂತವರೊಬ್ಬರು ಸರಿಯಾದ ಹೆಸರು ಹಿಡಿದು ಕರೆದರೆ ಸಾಕು, ಹೋದದ್ದು ಬಂದು ಬಾಯಲ್ಲಿ ಕೂರುತ್ತದೆ.