ಗಿಂಪು ಅವರ ಹೆಸರಿದ್ದ ಬಿಲ್ಲೆ

ಬಿಲ್ಲೆಯ ತೂಕ ಮೊದಲಿಗಿಂತ ಎರಡು ಮಿಲಿಗ್ರಾಂ ಹೆಚ್ಚೆಂದು ತಕ್ಕಡಿ ತೋರಿಸಿದ್ದೇ ತಡ, ಪ್ರೊಫೆಸರ್ ಗಿಂಪು ಇಡೀ ಪ್ರಯೋಗಾಲಯಕ್ಕೆ ಪ್ಲಮ್ ಸಾರಾಯಿ ಹಂಚಿದರು. ಸಂತೋಷದ ಸುದ್ದಿ ಬಂದವರೇ ಉಳಿದವರಿಗೆಲ್ಲ ಕುಡಿಸಬೇಕು, ಬುಖಾರೆಸ್ಟಿನಲ್ಲಿ ಅದು ರೂಢಿ. ಆದರೆ ಪರೀಕ್ಷೆ ಮುಗಿಯುವ ಮೊದಲೇ ಕುಡಿಸುವುದು ಗಿಂಪು ಅವರದೇ ಆತುರ.

ಪರಮಾಣು ಸಮ್ಮಿಳನ ಯಂತ್ರದ ಒಳಗೋಡೆಯಲ್ಲಿ, ಸೂರ್ಯನ ಒಡಲಿಗಿಂತ ಬಿಸಿಯಾದ ಬೆಂಕಿಯ ಎದುರು, ಎಂಟು ತಿಂಗಳು ಇದ್ದು ಬಂದ ಬಿಲ್ಲೆ ಅದು. ಅಂಗೈಯಗಲ, ಮೇಲೆ ಗಿಂಪು ಅವರು ರೂಪಿಸಿದ ಟಂಗ್‌ಸ್ಟನ್ ಲೇಪ. ಗುರುತೇನಿದ್ದರೂ ಬಿಲ್ಲೆಯ ಬೆನ್ನಿಗೆ ಕೊರೆಯಬೇಕೆಂಬುದು ನಿಯಮ. ಗಿಂಪು ಮಾತ್ರ ತಮ್ಮ ಪೂರ್ತಿ ಹೆಸರನ್ನು ಮುಖದ ಮೇಲೇ ಕೊರೆಸಿದ್ದರು. ಬೆನ್ನು ಯಾರಿಗೆ ಕಾಣುತ್ತದೆ? ಈಗ ಅವರ ಪ್ರಕಾರ ಲೇಪ ಸವೆಯಲಿಲ್ಲ ಮಾತ್ರವಲ್ಲ, ಬೆಂಕಿಯಲ್ಲಿದ್ದು ಮೈ ತುಂಬಿಕೊಂಡು ಬಂದಿತ್ತು.

ವರದಿಗೆ ಸಹಿ ಹಾಕಬೇಕಾದವಳು ಸ್ಮಾರಂಡಾ, ಇಪ್ಪತ್ತು ವರ್ಷದಿಂದ ಇಂಥ ಬಿಲ್ಲೆಗಳನ್ನೇ ಅಳೆಯುತ್ತಿದ್ದ ತಂತ್ರಜ್ಞೆ. ಸವೆತ ಸೊನ್ನೆ ಎಂಬ ವರದಿಯ ಕೆಳಗೆ ಅವಳ ನೌಕರಿ ಮುಂದುವರಿಸುವ ಕಾಗದವನ್ನೂ ಗಿಂಪು ಇಟ್ಟಿದ್ದರು. ಎರಡಕ್ಕೂ ಒಟ್ಟಿಗೆ ಸಹಿ ಆಗಿಬಿಡಲಿ ಎಂದು ನಕ್ಕರು. ಆ ನಗುವಿಗೆ ಅವಳ ಮೈ ಉರಿಯಿತು. ನೌಕರಿ ಹೋದೀತೆಂಬ ಹೆದರಿಕೆಯೂ ಆಯಿತು.

ಬಿಲ್ಲೆಯ ಅಂಚು ಕತ್ತರಿಸಿ ಅವಳು ಆಗಲೇ ನೋಡಿದ್ದಳು. ಮೇಲೆ ಕೂತಿದ್ದದ್ದು ಎದುರು ಗೋಡೆಯ ಉಕ್ಕು. ಬೆಂಕಿ ಅಲ್ಲಿಂದ ಕೆರೆದು ತಂದು ಇಲ್ಲಿ ಬಳಿದಿತ್ತು. ಅದರಡಿ ಟಂಗ್‌ಸ್ಟನ್ ಅರ್ಧಕ್ಕರ್ಧ ಮಾಯವಾಗಿತ್ತು.

"ಸಹಿ ಹಾಕ್ತೀನಿ ಸಾರ್," ಎಂದಳು. "ಮೇಲಿನ ಉಕ್ಕು ತೆಗ್ದಿದೀನಿ. ನಿಮ್ಮ ಹೆಸರು ಎಲ್ಲಿದೆ ಅಂತ ಒಂದ್ಸಲ ತೋರಿಸ್ಬಿಡಿ."

ಗಿಂಪು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದರು. ಒಂದಕ್ಷರವೂ ಇರಲಿಲ್ಲ.

"ಎಲ್ಲಿ ಹೋಯ್ತಮ್ಮಾ?"

"ಯಂತ್ರದ ತಳಕ್ಕೆ, ಬೆಂಕಿ ಮುಟ್ಟದ ಸಂದಿಗೆ. ಅಲ್ಲಿನ ಧೂಳು ಗುಡಿಸಿ ಕಳಿಸಿದಾರೆ, ಡಬ್ಬಿ ಇಲ್ಲೇ ಇದೆ ನೋಡಿ."

ವರದಿ ಅವಳು ಅಳೆದಂತೆಯೇ ಹೋಯಿತು. ನೌಕರಿಯೂ ಉಳಿಯಿತು. ಮೂರು ತಿಂಗಳಿಗೆ ಗೋಡೆಯ ಲೋಹದ ವಲಸೆಯ ಕುರಿತು ಒಂದು ಪ್ರಬಂಧ ಅಚ್ಚಾಯಿತು, ಅದು ಗಿಂಪು ಅವರ ಹೊಸ ಶೋಧವಂತೆ. ಸ್ಮಾರಂಡಾಳ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ, ಕರೆಂಟಿನ ಕೆಲಸದವನ ಪಕ್ಕ ಇತ್ತು. ಈ ಸಲವೂ ಸಾರಾಯಿ ಹಂಚಿದರು. ಅವಳು ಲೋಟ ಮುಟ್ಟಲಿಲ್ಲ.

ಹೊಸ ಬಿಲ್ಲೆ ಸಿದ್ಧವಾದಾಗ ಗಿಂಪು ಅವಳನ್ನು ಕರೆದು, ಹೆಸರನ್ನು ಈ ಬಾರಿ ಇನ್ನೂ ಆಳವಾಗಿ ಕೊರೆಯಲು ಹೇಳಿದರು. ಬೆನ್ನಿಗೆ ತಾನೇ ಎಂದು ಅವಳು ಕೇಳಿದ್ದಕ್ಕೆ, ಛೆ, ಮುಖಕ್ಕೇ ಎಂದರು.

"ಆಗ್ಲಿ ಸಾರ್," ಎಂದಳು ಸ್ಮಾರಂಡಾ. "ಮುಂದ್ಗಡೆ ನೀವೇ ಇರಿ. ಬೆನ್ನಿಗೆ ನನ್ನ ಹೆಸರು ಕೊರೀತೀನಿ, ಅಲ್ಲಿ ಬೆಂಕಿ ತಾಗಲ್ಲ."