ಮೂವತ್ತೆರಡರಿಂದ ಇಪ್ಪತ್ತೆಂಟಕ್ಕೆ

ಮಣ್ಣಿಗೆ ಬಂದವರೆಲ್ಲ ಅವರವರ ಊರಿಗೆ ಹೊರಟುಹೋದ ಮೇಲಿನ ಮೊದಲ ಬೆಳಗು. ಮಾರಿತ್ ಎದ್ದು, ಮಕ್ಕಳ ಎತ್ತರಕ್ಕೆ ಕಟ್ಟಿಸಿದ ತೊಟ್ಟಿಯ ಮುಂದೆ ಬಗ್ಗಿ ಮುಖ ತೊಳೆದುಕೊಂಡಳು. ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಇಲ್ಲಿ ಎಲ್ಲವೂ ಇನ್ನೂ ಮಕ್ಕಳ ಅಳತೆಯದೇ. ಕೂತರೆ ಮಂಡಿ ಗದ್ದಕ್ಕೆ ತಾಗುವ ಕಮೋಡು, ಸೊಂಟದ ಮಟ್ಟಕ್ಕೆ ಕೋಟು ನೇತುಹಾಕುವ ಕೊಕ್ಕೆ. ಗಂಡ ಯೋರಿಸ್‌ನ ಕೋಟು ಒಂದು ಕೊಕ್ಕೆಯಲ್ಲಿ ತೂಗುತ್ತಿತ್ತು. ಅದರ ಅಂಚು ನೆಲದ ಮೇಲೆ ಬಿದ್ದಿತ್ತು. ಎತ್ತಿಡಬೇಕು ಅನ್ನಿಸಿತು. ಎತ್ತಿಡಲಿಲ್ಲ.

ನಿನ್ನೆ ಕಾಫಿಯ ಜೊತೆ ಹಂಚಿ ಮಿಕ್ಕ ಕೇಕಿನ ತುಂಡುಗಳು ಮೇಜಿನ ಮೇಲಿದ್ದವು. ಒಂದು ತಿಂದಳು. ರುಚಿ ಗೊತ್ತಾಗಲಿಲ್ಲ. ಇನ್ನೊಂದು ತಿಂದಳು.

ಲೈಡನ್ ಪಟ್ಟಣದ ಕಾಲುವೆ ದಂಡೆಯ ಈ ಶಾಲೆಯನ್ನು ಕೆಡವುವುದೋ, ಮನೆಗಳಾಗಿ ಮಾಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ. ಖಾಲಿ ಬಿಟ್ಟರೆ ಯಾರಾದರೂ ಬೀಗ ಒಡೆದು ಬಂದು ಕೂತುಬಿಡುತ್ತಾರೆಂದು ಮಾಲೀಕರು ಅದನ್ನು ಒಂದು ಕಾವಲು ಕಂಪನಿಗೆ ವಹಿಸಿದ್ದರು. ಕಂಪನಿ ಇವರಿಬ್ಬರನ್ನು ತಂದು ಇರಿಸಿತ್ತು. ಬಾಡಿಗೆ ಅತಿ ಕಡಿಮೆ, ಹಕ್ಕು ಅದಕ್ಕಿಂತ ಕಡಿಮೆ. ಮೊಂಬತ್ತಿ ಹಚ್ಚುವ ಹಾಗಿಲ್ಲ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ನೆಲ ಗಟ್ಟಿಯಿಲ್ಲದ ಮೇಲ್ಮಹಡಿಗೆ ಹತ್ತುವ ಹಾಗಿಲ್ಲ. ಮಾಡಬೇಕಾದ ಕೆಲಸ ಒಂದೇ: ಒಳಗೆ ಜನ ಇದ್ದಾರೆ ಅಂತ ಹೊರಗಿನವರಿಗೆ ಅನ್ನಿಸುವ ಹಾಗೆ ಇರುವುದು. "ಉಸಿರಾಡೋದೇ ನಮ್ಮ ಡ್ಯೂಟಿ ಕಣೆ," ಅನ್ನುತ್ತಿದ್ದ ಯೋರಿಸ್. ಕಳೆದ ವಾರ ಸೈಕಲ್ ಮೇಲೆ ಹೋಗುತ್ತಿದ್ದವನು ಸೇತುವೆಯ ಬುಡದಲ್ಲಿ ಬಿದ್ದ. ಹೃದಯ, ಅಂದರು ಡಾಕ್ಟರು. ಮೂವತ್ತೊಂದು ವರ್ಷದವನಿಗೆ.

ಬಾಗಿಲಲ್ಲಿ ಕೀಲಿ ತಿರುಗಿದ ಸದ್ದಾಯಿತು. ಕಂಪನಿಯವರು ಬೆಲ್ ಮಾಡುವುದಿಲ್ಲ. ಹೇಳದೆ ಬಂದು ನೋಡುವುದೇ ಅವರ ಪದ್ಧತಿ. ಬಂದವನು ಬಸ್ತಿಯಾನ್, ತಿಂಗಳಿಗೊಮ್ಮೆ ತಪಾಸಣೆಗೆ ಬರುವವನು. ಮಾರಿತ್‌ಳ ಕೈ ಹಿಡಿದು, ತುಂಬಾ ಬೇಜಾರಾಯ್ತು ಅಂದ. ಕೈ ಬಿಟ್ಟವನಿಗೆ ಮುಂದೇನು ಮಾಡಬೇಕೆಂದು ತೋಚದೆ, ಕುರ್ಚಿ ಹತ್ತಿ ಹೊಗೆ ಅಲಾರಮ್ಮಿನ ಗುಂಡಿ ಒತ್ತಿದ. ಅದು ಕೀಂ ಅಂತ ಕೂಗಿತು.

"ಇದು ಸರಿ ಇದೆ," ಅಂದ. "ನಲ್ಲಿಗಳು? ನೀರು ನಿಂತ್ರೆ ಪೈಪಲ್ಲಿ ರೋಗ ಹುಟ್ಕೊಳ್ಳುತ್ತೆ."

"ಯೋರಿಸ್ ದಿನಾ ಸಂಜೆ ಎಲ್ಲಾ ನಲ್ಲೀನೂ ಬಿಟ್ಟು ಬರ್ತಿದ್ದ."

"ದಿನಾ ಯಾಕೆ? ವಾರಕ್ಕೊಂದ್ಸಲ ಬಿಟ್ರೆ ಸಾಕು. ಹತ್ತು ನಿಮಿಷದ ಕೆಲ್ಸ."

ಮಾರಿತ್ ಅವನನ್ನೇ ನೋಡಿದಳು. ಕತ್ತಲಾದ ಮೇಲೆ, ಊಟಕ್ಕೆ ಮುಂಚೆ, 'ನಲ್ಲಿ ಬಿಟ್ಟು ಬರ್ತೀನಿ' ಅಂತ ಹೋದರೆ ಯೋರಿಸ್ ಒಂದು ಗಂಟೆ ಬರುತ್ತಿರಲಿಲ್ಲ. ಅವಳು ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಒಮ್ಮೆಯೂ ಕೇಳಿರಲಿಲ್ಲ.

"ಕಾಂಟ್ರಾಕ್ಟು ಅವ್ರ ಹೆಸ್ರಲ್ಲಿತ್ತು," ಬಸ್ತಿಯಾನ್ ಬೂಟಿನ ತುದಿ ನೋಡುತ್ತ ಹೇಳಿದ. "ನಿಮ್ಮ ಹೆಸ್ರಿಗೆ ಮಾಡ್ಸೋಣ ಅಂತಿದ್ದೆ. ಆದ್ರೆ ಮೇಲ್ಗಡೆ, ಕಾಲುವೆ ಕಡೆ ಕಿಟಕೀಲಿ, ಸಂಜೆ ಲೈಟ್ ಉರೀತದೆ. ಮೊನ್ನೆ ನಾನೇ ನೋಡ್ದೆ. ಯಾರನ್ನ ಇಟ್ಕೊಂಡಿದೀರಾ?"

"ಯಾರೂ ಇಲ್ಲ."

"ಮತ್ತೆ ದೆವ್ವ ಕರೆಂಟ್ ಉರಿಸ್ತದಾ?" ಅಂದವನು ನಾಲಿಗೆ ಕಚ್ಚಿಕೊಂಡ. "ಕ್ಷಮ್ಸಿ. ಹಂಗೇ ಬಾಯಿಗೆ ಬಂದ್ಬಿಡ್ತು. ನೋಡಿ, ಶುಕ್ರವಾರ ಬರ್ತೀನಿ. ಅಷ್ಟರಲ್ಲಿ ಮೇಲೆ ಏನಿದ್ರೂ ಇರ್ಬಾರ್ದು. ಇದ್ರೆ ತಿಂಗಳ ಕೊನೇಲಿ ನೀವು ಖಾಲಿ ಮಾಡ್ಬೇಕಾಗ್ತದೆ. ನನ್ನ ಕೈಲಿಲ್ಲ."

ಅವನು ಹೋದ ಮೇಲೆ ಮಾರಿತ್ ಕೋಟಿನ ಮುಂದೆ ನಿಂತಳು. ಯೋರಿಸ್‌ನ ಫೋಟೋಗಳು ಅವನ ತಾಯಿಯ ಮನೆಯಲ್ಲಿದ್ದವು, ಗೆಳೆಯರ ಫೋನುಗಳಲ್ಲಿದ್ದವು. ಅವನು ನಡೆದಾಡಿದ ನೆಲ ಇದೊಂದೇ. ಇದನ್ನು ಬಿಡಲಾರೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ವಾರದಿಂದ ಏನೂ ಅನ್ನಿಸದಿದ್ದವಳಿಗೆ, ಮೇಲೆ ಏನಿದೆ ಅಂತ ನೋಡಬೇಕು ಅನ್ನಿಸಿತು. ಯಾರಿದ್ದಾರೆ ಅಂತಲೂ.

ವಿಶ್ವವಿದ್ಯಾಲಯದಲ್ಲಿ ಹಳೆಯ ನಕಾಶೆ ಓದುವುದನ್ನು ಕಲಿತವಳು ತಾನಿದ್ದ ಕಟ್ಟಡದ ಮೇಲ್ಮಹಡಿಯನ್ನು ನೋಡಿರಲಿಲ್ಲ. ಬೇಡ ಅಂದಿದ್ದರು, ಹತ್ತಿರಲಿಲ್ಲ, ಅಷ್ಟೇ. ಮೆಟ್ಟಿಲಿಗೆ ಅಡ್ಡ ಹಾಕಿದ ಹಲಗೆಯನ್ನು ಮುಟ್ಟಿ ನೋಡಿದರೆ ಅದಕ್ಕೆ ಮೊಳೆಯೇ ಇರಲಿಲ್ಲ, ಬರೀ ಒರಗಿಸಿಟ್ಟಿತ್ತು. ಮೆಟ್ಟಿಲುಗಳ ಅಂಚಿನಲ್ಲಿ ದಪ್ಪ ಧೂಳು. ನಡುವೆ ಮಾತ್ರ ಕಾಲು ಬಿದ್ದು ಬಿದ್ದು ಮರ ಹೊಳೆಯುತ್ತಿತ್ತು. ಅವಳು ಗೋಡೆ ಹಿಡಿದು ಒಂದೊಂದೇ ಹತ್ತಿದಳು.

ಕಾಲುವೆ ಕಡೆಯ ತರಗತಿಯ ಬಾಗಿಲು ತೆರೆದೇ ಇತ್ತು. ಒಳಗೆ ಹೆಣ್ಣಿರಲಿಲ್ಲ. ಹಾಸಿಗೆಯೂ ಇರಲಿಲ್ಲ. ತಾನು ಹುಡುಕಿಕೊಂಡು ಬಂದದ್ದು ಅವನ್ನೇ ಅಂತ ಆಗ ಅವಳಿಗೆ ಗೊತ್ತಾಯಿತು.

ಕಿಟಕಿಯ ಕಟ್ಟೆಯ ಮೇಲೆ ಹಸಿರು ಗಾಜಿನ ಟೊಪ್ಪಿಗೆಯ ಹಿತ್ತಾಳೆ ದೀಪ. ಅದರ ವೈರಿಗೆ ಒಂದು ಟೈಮರ್, ಊರಿಗೆ ಹೋಗುವಾಗ ಜನ ಕಳ್ಳರಿಗೆ ಹೆದರಿ ಹಾಕುತ್ತಾರಲ್ಲ, ಅಂಥದ್ದು. ಪಕ್ಕದಲ್ಲಿ ಮಕ್ಕಳ ಡೆಸ್ಕು, ಡೆಸ್ಕಿನ ಮೇಲೆ ಡ್ಯಾಮ್ ಆಟದ ಹಾಸು, ಚದುರಂಗದ್ದರ ಹಾಗೆ ಕಪ್ಪು ಬಿಳಿ ಮನೆಗಳದ್ದು. ಕಪ್ಪು ಬಿಳಿ ಬಿಲ್ಲೆಗಳು ಅರ್ಧ ಆಟದಲ್ಲಿ ನಿಂತಿದ್ದವು. ಒಂದು ಸ್ಲೇಟು. ಅದರ ಮೇಲೆ ಯೋರಿಸ್‌ನ ಕೈಬರಹದಲ್ಲಿ, ಕುರುಡರಿಗೂ ಕಾಣುವಷ್ಟು ದೊಡ್ಡದಾಗಿ: 18–23.

ಅರ್ಥ ಹುಡುಕಬೇಕಾಗಿರಲಿಲ್ಲ. ಮಾರಿತ್‌ಳ ಅಜ್ಜ ಭಾನುವಾರಗಳನ್ನೆಲ್ಲ ಇದೇ ಆಟದಲ್ಲಿ ಕಳೆದವನು. ಹಾಸಿನ ಪ್ರತಿ ಕಪ್ಪು ಮನೆಗೂ ಒಂದು ನಂಬರು. ಹದಿನೆಂಟರಲ್ಲಿದ್ದ ಬಿಲ್ಲೆಯನ್ನು ಇಪ್ಪತ್ತಮೂರಕ್ಕೆ ನಡೆಸಿದ್ದಾನೆ. ಯಾರಿಗೆ ತೋರಿಸಲು ಬರೆದ? ಅದು ಮಾತ್ರ ಗೊತ್ತಾಗಲಿಲ್ಲ.

ಡೆಸ್ಕಿನೊಳಗೆ ಉಪ್ಪು ಲಿಕೊರಿಸ್ ಮಿಠಾಯಿಯ ಪೊಟ್ಟಣವಿತ್ತು. ಹಲ್ಲು ಹಾಳಾಗುತ್ತೆ, ಬಿಟ್ಟುಬಿಟ್ಟೆ ಅಂದಿದ್ದ. "ಕಳ್ಳ," ಅಂದಳು. ಒಂದನ್ನು ಬಾಯಿಗೆ ಹಾಕಿಕೊಂಡಳು. ಉಪ್ಪಗಿತ್ತು.

ಚಿಕ್ಕ ಕುರ್ಚಿಯಲ್ಲಿ ಮಂಡಿ ಮಡಚಿ ಕೂತು ಕಾದಳು. ನವೆಂಬರಿನ ಬೆಳಕು ಬೇಗನೆ ಹೋಯಿತು. ಟೈಮರ್ ಟಕ್ ಅಂದಿತು. ದೀಪ ತಾನೇ ಹತ್ತಿಕೊಂಡಿತು. ಗೊತ್ತಿದ್ದೂ ಅವಳು ಕುರ್ಚಿಯಿಂದ ಅರ್ಧ ಎದ್ದಳು.

ಕಾಲುವೆಯಾಚೆ, ಇಲ್ಲಿಯ ಮನೆಗಳೆಲ್ಲದರ ಹಾಗೆ ಪರದೆ ಎಳೆಯದ ಒಂದು ಕಿಟಕಿ. ಈ ಬೀದಿಯಲ್ಲಿ ಯಾರ ಕಿಟಕಿಯಲ್ಲೂ ಸಾಮಾನು ಒಂಟಿಯಾಗಿರುವುದಿಲ್ಲ. ಎರಡು ಹೂಜಿ, ಎರಡು ಕುಂಡ, ಎರಡು ಪಿಂಗಾಣಿ ನಾಯಿ. ಆ ಕಿಟಕಿಯಲ್ಲಿ ಮಾತ್ರ ಎಡಕ್ಕೊಂದು ದೀಪವಿತ್ತು, ಬಲಕ್ಕೆ ಏನೂ ಇರಲಿಲ್ಲ. ಎಡದ ದೀಪದ ಟೊಪ್ಪಿಗೆ ಹಸಿರು.

ಅಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಒಂದು ರಟ್ಟು ಎತ್ತಿ ಹಿಡಿದಳು. ದಪ್ಪ ಅಕ್ಷರ: 32–28. ಸ್ವಲ್ಪ ಹೊತ್ತು ಕಾದಳು. ಅದನ್ನಿಳಿಸಿ ಇನ್ನೊಂದನ್ನು ಎತ್ತಿದಳು.

"ಹೇಡಿ!"

ಮಾರಿತ್‌ಳ ಗಂಟಲಿಂದ ಏನೋ ಒಂದು ಸದ್ದು ಹೊರಟಿತು. ಅದು ನಗು ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮುದುಕಿ ಬೈನಾಕ್ಯುಲರ್ ಕಣ್ಣಿಗೆ ಹಚ್ಚಿಕೊಂಡಿದ್ದಳು. ಈಚೆಗೆ ಕೂತಿರುವುದು ಯೋರಿಸ್ ಅಲ್ಲ ಅಂತ ಕಂಡಿರಬೇಕು. ರಟ್ಟು ಮೆಲ್ಲಗೆ ಕೆಳಗಿಳಿಯಿತು.

ಮಾರಿತ್ ಪ್ಲಗ್ ಕಿತ್ತಳು. ಕೆಳಗೆ ಬಂದು, ಕೊಕ್ಕೆಯಿಂದ ಕೋಟು ತೆಗೆದು ಹಾಕಿಕೊಂಡಳು. ದೀಪವನ್ನು ಅದರೊಳಗೆ ಎದೆಗವಚಿ ಹೊರಟಳು. ವಾರದಿಂದ ತಪ್ಪಿಸಿ ಸುತ್ತುಹಾಕಿ ಹೋಗುತ್ತಿದ್ದ ಸೇತುವೆಯನ್ನು ಇವತ್ತು ದಾಟಿದಳು. ಆಚೆ ದಡಕ್ಕೆ ಅದೇ ದಾರಿ.

ಬಾಗಿಲ ಮೇಲೆ 'ಮೆಫ್ರೌ ಹಾವರ್ಕಾಂಪ್' ಅಂತಿತ್ತು, ಶ್ರೀಮತಿ ಹಾವರ್ಕಾಂಪ್. ಬೆಲ್ ಮಾಡುವ ಮೊದಲೇ ಬಾಗಿಲು ತೆರೆಯಿತು.

"ನೀನು ಅವನ ಹೆಂಡ್ತಿ ಅಲ್ವಾ? ಸೋಲ್ತೀನಿ ಅಂತ ನಿನ್ನ ಕಳಿಸಿದ್ನಾ? ಬಾ ಒಳಗೆ, ಚಳಿ ಒಳಗೆ ಬಿಡ್ಬೇಡ. ವಾರದಿಂದ ನೋಡ್ತಿದೀನಿ. ದೀಪ ಉರೀತದೆ, ಮನುಷ್ಯ ಮುಖ ತೋರ್ಸಲ್ಲ! ಒಂದು ಬಿಲ್ಲೆ ಹೊಡಿಯೋಕೆ ಇಷ್ಟು ದಿನ ಬೇಕಾ?"

"ಆ ದೀಪ ತಾನೇ ಹತ್ಕೊಳ್ಳುತ್ತೆ, ಮೆಫ್ರೌ. ಅದಕ್ಕೆ ಟೈಮರ್ ಹಾಕಿದಾನೆ."

"ಟೈಮರ್ರಾ? ಅಂದ್ರೆ ಅವನು ಅಲ್ಲಿಲ್ವಾ?"

"ಇಲ್ಲ. ಯೋರಿಸ್ ತೀರ್ಕೊಂಡ."

ಆ ಮಾತನ್ನು ಈವರೆಗೆ ಬೇರೆಯವರೇ ಹೇಳುತ್ತಿದ್ದರು. ಅವಳು ತಲೆ ಆಡಿಸುತ್ತಿದ್ದಳು.

ಮೆಫ್ರೌ ಹಾವರ್ಕಾಂಪ್ ಗೋಡೆ ಹಿಡಿದು ಕೂತಳು. ಆಮೇಲೆ, "ನಾನು ಹೇಡಿ ಅಂದೆ," ಅಂದಳು. "ದಿನಾ ಅಂದೆ. ಸತ್ತವನಿಗೆ."

"ನೋಡಿದ್ರೆ ಬಿದ್ದು ಬಿದ್ದು ನಗ್ತಿದ್ದ."

"ನಗ್ತಿದ್ದ. ಹೌದು, ನಗ್ತಿದ್ದ ಪಾಪಿ." ಕಣ್ಣೊರೆಸಿಕೊಂಡಳು. "ಶುರುವಾಗಿದ್ದೇ ನನ್ನ ಜಗಳದಿಂದ. ಎದುರುಗಡೆ ಎಲ್ಲಾ ಕತ್ತಲು ಮಾಡಿ ಇಟ್ಟಿದೀರಿ ಅಂತ ಬೀದೀಲಿ ನಿಲ್ಲಿಸ್ಕೊಂಡು ಬೈದೆ. ಆ ಕರೀ ಗಾಜಲ್ಲಿ ನನ್ನ ದೀಪಾನೇ ಕಾಣೋದು, ನಾನೇ ಕಾಣೋಳು. ಅಲ್ಲೂ ಒಬ್ಳು ಮುದುಕಿ ಒಂಟಿಯಾಗಿ ಕೂತಿದಾಳೆ ಅನ್ಸೋದು. 'ನಿಮ್ಮ ಜೋಡೀಲಿ ಒಂದು ದೀಪ ಸ್ವಲ್ಪ ದಿನ ಕೊಡಿ, ಕತ್ತಲು ನಾನು ನೋಡ್ಕೋತೀನಿ' ಅಂದ. ಕೊಟ್ಟೆ. ಪಕ್ಕದ ಮನೆಯವ್ಳು ಇವತ್ತಿಗೂ ಕೇಳ್ತಾಳೆ, ಇನ್ನೊಂದು ಒಡೆದುಹೋಯ್ತಾ ಅಂತ."

"ನಂಗೊಂದು ಮಾತು ಹೇಳಿಲ್ಲ."

"ಹೇಳಿದ್ರೆ ಬೇಡ ಅಂತೀಯಂತೆ. ರೂಲ್ಸು ಅಂದ್ರೆ ನಿಂಗೆ ಪ್ರಾಣವಂತೆ."

"ಅಂತಿದ್ದೆ," ಅಂದಳು ಮಾರಿತ್.

ಕಿಟಕಿಯ ಬಳಿ ಇನ್ನೊಂದು ಹಾಸು ಇತ್ತು, ಅದೇ ಆಟ, ಅದೇ ಬಿಲ್ಲೆಗಳು. ಮೂವತ್ತೆರಡರಿಂದ ಇಪ್ಪತ್ತೆಂಟಕ್ಕೆ ಬಂದ ಬಿಳಿ ಬಿಲ್ಲೆ ಯೋರಿಸ್‌ನ ಕರಿಯದರ ಬಾಯಿಗೇ ಬಂದು ನಿಂತಿತ್ತು.

"ಅವನ ಸರದಿ," ಅಂದಳು ಮುದುಕಿ.

"ಹೊಡೀಲೇಬೇಕಲ್ವಾ?"

"ಹೊಡೀಲೇಬೇಕು. ಇಷ್ಟ ಇರ್ಲಿ ಬಿಡ್ಲಿ, ಸಿಕ್ಕಿದ್ದನ್ನ ಬಿಡೋ ಹಾಗಿಲ್ಲ ಈ ಆಟದಲ್ಲಿ. ಅವನಿಗೂ ಗೊತ್ತಿತ್ತು."

ಮಾರಿತ್ ಕರಿಯ ಬಿಲ್ಲೆಯನ್ನು ಬಿಳಿಯದರ ಮೇಲಿಂದ ಹಾರಿಸಿ ಮೂವತ್ತೆರಡರಲ್ಲಿ ಇಟ್ಟಳು. ಬಿಳಿಯದನ್ನು ಎತ್ತಿ ಮುದುಕಿಯ ಅಂಗೈಯಲ್ಲಿ ಹಾಕಿದಳು. ಮುಂದಿನ ನಡೆಗೆ ಮುದುಕಿ ಕೈ ಚಾಚಲಿಲ್ಲ. ಅದನ್ನೇ ಹಿಡಿದು ಕೂತಿದ್ದಳು.

ಮಾರಿತ್ ಕೋಟಿನೊಳಗಿಂದ ದೀಪ ತೆಗೆದಳು.

"ಬೇಡ, ತಗೊಂಡ್ಹೋಗು. ಅಲ್ಲಿ ಮತ್ತೆ ಕತ್ತಲಾಗ್ತದೆ."

"ಮೇಲೆ ಇಡೋ ಹಾಗಿಲ್ಲ. ಶುಕ್ರವಾರ ಕಂಪನಿಯವ್ರು ಬಂದು ನೋಡ್ತಾರೆ. ಕೆಳಗಡೆ ಈ ಕಡೆಗೊಂದು ಕೋಣೆ ಇದೆ. ಅದನ್ನ ನಂಗೆ ಬಿಟ್ಕೊಡಿ ಅಂತ ಕೇಳ್ತೀನಿ. ನನ್ನದೇ ಒಂದು ದೀಪ ಇದೆ."

"ಕೊಡ್ತಾರಾ?"

"ಗೊತ್ತಿಲ್ಲ, ಮೆಫ್ರೌ."

ಕಟ್ಟೆಯ ಬಲಬದಿಯಲ್ಲಿ ಬಿಸಿಲಿಗೆ ಬಣ್ಣ ಕಳೆದುಕೊಳ್ಳದ ಒಂದು ದುಂಡು ಕಲೆ ಇತ್ತು. ಮಾರಿತ್ ಕೋಟಿನ ತೋಳಿನಿಂದ ದೀಪದ ಧೂಳು ಒರೆಸಿ, ಅದರ ಮೇಲೆ ಇಟ್ಟಳು. ಪ್ಲಗ್ ಹಾಕಿ ಗುಂಡಿ ಒತ್ತಿದಳು. ಮುದುಕಿ ಕೂತಲ್ಲಿಂದಲೇ ಕತ್ತು ಓರೆ ಮಾಡಿ ನೋಡಿದಳು.

"ಒಂಚೂರು ಎಡಕ್ಕೆ."

ಮಾರಿತ್ ಸರಿಸಿದಳು.

"ಹಾಂ. ಅಲ್ಲೇ ಇತ್ತು."