ಸೋಮವ್ವ ಒಪ್ಪಲಿಲ್ಲ

ಸೋಮವ್ವನನ್ನು ಕ್ರಿಸ್ತನ ದಾರಿಗೆ ತಂದವನು ಅವಳ ಗಂಡ ನಿಜಗುಣಪ್ಪನೇ. ಈ ಮಾತನ್ನು ನೇಸರಗಿಯಲ್ಲಿ ಈಗ ಯಾರೂ ಆಡುವುದಿಲ್ಲ. ಅವನಂತೂ ಆಡುವುದೇ ಇಲ್ಲ.

ಮದುವೆಯಾದ ನಾಲ್ಕನೆಯ ವರ್ಷ ಅವನಿಗೆ ಕ್ಷಯ ಹಿಡಿದು, ದೂರದ ಆಸ್ಪತ್ರೆಯೊಂದರಲ್ಲಿ ಆರು ತಿಂಗಳು ಬಿದ್ದುಕೊಂಡಿದ್ದ. ಪಕ್ಕದ ಮಂಚದ ಮುದುಕನೊಬ್ಬ ದಿನಾ ಸಂಜೆ ಕ್ರಿಸ್ತನ ಪುಸ್ತಕ ಓದಿ ಹೇಳುತ್ತಿದ್ದ. ಮುದುಕ ಸತ್ತ, ಇವನು ಬದುಕಿ ಬಂದ. ಪುಸ್ತಕವೂ ಇವನ ಜೊತೆ ಬಂತು. ಬಂದವನೇ ಕೊರಳ ಲಿಂಗ ತೆಗೆದಿಟ್ಟು, ನೀನೂ ತೆಗೆ ಎಂದ. ಕೂಸಿದ್ದಾಗಲೇ ಕಟ್ಟಿದ ಲಿಂಗ. ಸೋಮವ್ವ ಎಂಟು ದಿನ ಅತ್ತಳು, ಆಮೇಲೆ ತೆಗೆದಳು. ಗಂಡ ಹೇಳಿದ್ದಕ್ಕೆ ತೆಗೆದಳೇ ಹೊರತು ಅದರಲ್ಲಿ ಅವಳ ವಿಶ್ವಾಸವೇನೂ ಇರಲಿಲ್ಲ.

ವಿಶ್ವಾಸ ಬಂದದ್ದು ನಂತರ, ಅವನಿಗೇ ಗೊತ್ತಾಗದಂತೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು, ಮಗಳು ಸಪ್ನಾಳ ಅಂಕಲಿಪಿ ಇಟ್ಟುಕೊಂಡು ಒಲೆಯ ಮುಂದೆ ಅಕ್ಷರ ಕಲಿತಳು. ರವಿವಾರ ಮೂವರೂ ಬಸ್ಸು ಹತ್ತಿ ಬೈಲಹೊಂಗಲದ ಪ್ರಾರ್ಥನಾ ಮಂದಿರಕ್ಕೆ ಹೋಗುವಾಗ ದಾರಿಯ ಬೋರ್ಡುಗಳನ್ನೆಲ್ಲ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಮೊದಮೊದಲು ನಿಜಗುಣಪ್ಪನಿಗೆ ನಗು ಬರುತ್ತಿತ್ತು. ಬರಬರುತ್ತ ಅವಳು ಪುಸ್ತಕ ಹಿಡಿದು ಕೇಳುವ ಪ್ರಶ್ನೆಗಳಿಗೆ ಅವನು, ಪಾಸ್ಟರನ್ನೇ ಕೇಳು ಎನ್ನತೊಡಗಿದ.

ಹೀಗೆ ಇಪ್ಪತ್ತು ವರ್ಷ ನಡೆಯಿತು. ಅಷ್ಟರಲ್ಲಿ ಸಪ್ನಾಳಿಗೆ ಯರಗಟ್ಟಿಯ ಸಂಬಂಧ ಬಂತು. ಹುಡುಗ ಒಳ್ಳೆಯವನು, ಅವಳ ಮನಸ್ಸಿಗೂ ಬಂದಿದ್ದ. ಬೀಗರದು ಒಂದೇ ಷರತ್ತು. ನಿಜಗುಣಪ್ಪನ ಅಣ್ಣ ಮಡಿವಾಳೆಪ್ಪ ಅದನ್ನು ಹೊತ್ತು ತಂದ: ಗಂಡಹೆಂಡತಿ ಇಬ್ಬರೂ ಮಠಕ್ಕೆ ಬಂದು ಮತ್ತೆ ಲಿಂಗ ಕಟ್ಟಿಸಿಕೊಳ್ಳಬೇಕು. ನಿಜಗುಣಪ್ಪ ಎರಡು ದಿನ ವಿಚಾರ ಮಾಡಿದ. ಎರಡೇ ದಿನ. ಮೂರನೆಯ ದಿನ, ಮನಸ್ಸಿನಲ್ಲಿ ಯಾರನ್ನಾದರೂ ಇಟ್ಟುಕೋ, ಕೊರಳಲ್ಲಿ ಲಿಂಗ ಇರಲಿ ಎಂದು ಹೆಂಡತಿಗೆ ಹೇಳಿದ.

"ಆವತ್ತ ನೀವು ತಗಿ ಅಂದ್ರಿ, ತಗದ್ನಿ. ನಿಮ್ಮ ಮಾತಿಗೆ ಬಂದಾಕಿನ ನಾನು," ಎಂದಳು ಸೋಮವ್ವ. "ಆದ್ರ ಈಗ ನಿಮ್ಮ ಮಾತಿಗೆ ನಿಂತಿಲ್ರಿ. ಹೆಂಗ ಹೊಳ್ಳಿ ಹೋಗ್ಲಿ?"

ಅವನು ಒಬ್ಬನೇ ಹೋಗಿ ಕಟ್ಟಿಸಿಕೊಂಡು ಬಂದ. ಅವಳೂ ಆಮೇಲೆ ಕಟ್ಟಿಸಿಕೊಳ್ಳುತ್ತಾಳೆ ಎಂದು ಮಡಿವಾಳೆಪ್ಪ ಬೀಗರನ್ನು ಒಪ್ಪಿಸಿದ. ಮದುವೆಯ ದಿನ, ಹೆಂಡತಿಗೆ ಜ್ವರ ಎಂದು ಬೀಗರಿಗೆ ಹೇಳಿದ. ಮಗಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಯಾವ ಜ್ವರವೂ ಇಲ್ಲದ ಸೋಮವ್ವ ಮನೆಯಲ್ಲಿ ಕುಳಿತಿದ್ದಳು.

ಅಲ್ಲಿಂದ ಏಳು ವರ್ಷ ರವಿವಾರದ ಬಸ್ಸಿಗೆ ಅವಳು ಒಬ್ಬಳೇ ಹೋದಳು. ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತ ನಿಜಗುಣಪ್ಪ ಅವಳು ಕಂಡರೆ ಪೇಪರು ಎತ್ತಿ ಮುಖಕ್ಕೆ ಹಿಡಿಯುತ್ತಿದ್ದ. ಸಪ್ನಾ ಊರಿಗೆ ಬಂದರೆ ದೊಡ್ಡಪ್ಪನ ಮನೆಯಲ್ಲಿ ಇಳಿಯುತ್ತಿದ್ದಳು. ಸೋಮವ್ವ ಶೇಂಗಾ ಹೋಳಿಗೆ ಮಾಡಿ ಆ ಮನೆಯ ಕಟ್ಟೆಯತನಕ ಒಯ್ದು ಕೊಟ್ಟು ಬರುತ್ತಿದ್ದಳು. ಒಳಗೆ ಬಾ ಎಂದು ಯಾರೂ ಕರೆಯುತ್ತಿರಲಿಲ್ಲ.

ಹೋದ ವರ್ಷ ಜೋಳದ ಸುಗ್ಗಿಯ ಮುಂಚೆ ಅವಳ ಹೊಟ್ಟೆಯಲ್ಲಿ ಗಂಟು ಕಂಡಿತು. ಕೈ ಮೀರಿದೆ, ಮನೆಗೆ ಕರೆದೊಯ್ಯಿರಿ ಎಂದರು ಡಾಕ್ಟರು. ಮಡಿವಾಳೆಪ್ಪ ಬಂದು ಹಾಸಿಗೆಯ ಹತ್ತಿರ ಕುಳಿತ. ಈಗಲಾದರೂ ಲಿಂಗ ಕಟ್ಟಿಕೊಂಡರೆ ಹೊಲದಲ್ಲಿ ಹಿರಿಯರ ಪಕ್ಕ ಜಾಗವಿದೆ, ಇಲ್ಲದಿದ್ದರೆ ಹೊರುವುದಕ್ಕೆ ನಾಲ್ಕು ಮಂದಿಯೂ ಸಿಗಲಿಕ್ಕಿಲ್ಲ ಎಂದ.

"ಹೊರಾವ್ರು ಹೊರತಾರ, ಬಿಡಾವ್ರು ಬಿಡತಾರ್ರಿ ಭಾವಾರ," ಎಂದಳು ಅವಳು. "ನಾ ಮಾತ್ರ ಅಂವನ್ನ ಬಿಡಾಂಗಿಲ್ಲ."

ಗಂಡನಿಗೆ ಅವಳು ಕೇಳಿದ್ದು ಒಂದೇ. ಬೈಲಹೊಂಗಲದ ಗುರುನಾಥ ಪಾಸ್ಟರನ್ನು ಕರೆಸಬೇಕು, ಬಂದು ಪ್ರಾರ್ಥನೆ ಮಾಡಿ ಹೋಗಲಿ. ನಿಜಗುಣಪ್ಪ ನಂಬರು ಒತ್ತದೆ ಫೋನು ಕಿವಿಗೆ ಹಿಡಿದು ಅಂಗಳದಲ್ಲಿ ನಿಂತು, ಒಳಗೆ ಬಂದು ಫೋನು ಹತ್ತವಲ್ಲದು ಎಂದ. ಮರುದಿನವೂ ಹಾಗೇ ಮಾಡಿದ. ಅದರ ಮರುದಿನ ಅವಳು ಪಾಸ್ಟರ ಮಾತೆತ್ತದೆ ತಲೆದಿಂಬಿನ ಕೆಳಗಿನ ಪುಸ್ತಕ ತೆಗೆದು ಅವನ ಕೈಗಿತ್ತು, ನೀವೇ ಓದಿ ಎಂದಳು.

ಹೊರಗೆ ಅಣ್ಣನ ಮನೆಯವರು ಶೇಂಗಾ ಬಿಡಿಸುತ್ತ ಕುಳಿತಿದ್ದರು. ನಿಜಗುಣಪ್ಪ ಬಾಗಿಲು ಎಳೆದು ಮುಚ್ಚಿ, ಏಳು ವರ್ಷದ ಮೇಲೆ ಪುಸ್ತಕ ತೆರೆದು ಪಿಸುದನಿಯಲ್ಲಿ ಓದತೊಡಗಿದ.

"ಗಟ್ಟಿ ಓದ್ರಿ, ಕೇಳಸವಲ್ದು."

ಅವನು ಬಾಯನ್ನು ಅವಳ ಕಿವಿಯ ಹತ್ತಿರ ಒಯ್ದ. ದನಿ ಏರಿಸಲಿಲ್ಲ.

ಮರುದಿನ ಮಧ್ಯಾಹ್ನ ಸೋಮವ್ವ ತೀರಿಕೊಂಡಳು. ಹೆಂಗಸರು ಮೈ ತೊಳೆದು, ಹಣೆ ತುಂಬ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದರು. ಬೆರಳು ಎರಡು ಸಲ ಬಿಚ್ಚಿಕೊಂಡವು. ದಾರ ಕಟ್ಟಿದರು. ನಿಜಗುಣಪ್ಪ ಕಂಬಕ್ಕೆ ಒರಗಿ ನೋಡುತ್ತಿದ್ದ.

ಸುದ್ದಿ ಹೇಗೋ ಮುಟ್ಟಿ ಗುರುನಾಥ ಪಾಸ್ಟರು ಸಭೆಯ ನಾಲ್ವರು ಹೆಂಗಸರೊಂದಿಗೆ ಬಂದರು. ಮಡಿವಾಳೆಪ್ಪ ಬಾಗಿಲಿಗೆ ಅಡ್ಡ ನಿಂತು, ಇವರನ್ನು ಯಾರು ಕರೆದರು ಎಂದು ತಮ್ಮನನ್ನು ಕೇಳಿದ.

"ನಾ ಕರದಿಲ್ಲ," ಎಂದ ನಿಜಗುಣಪ್ಪ.

ಅದು ನಿಜವೇ ಆಗಿತ್ತು. ಪಾಸ್ಟರು ಅವನ ಮುಖವನ್ನೊಮ್ಮೆ ನೋಡಿ, ಎದುರು ಮನೆಯ ಗೋಡೆಯ ನೆರಳಿಗೆ ಸರಿದರು. ಹೆಣ ಹೊರಟಾಗ ಆ ಐವರು ದೂರದಿಂದ ನಡೆದು ಬಂದು ಹೊಲದ ಬದುವಿನಲ್ಲಿ ನಿಂತರು. ಅವರ ತುಟಿಗಳು ಅಲುಗುತ್ತಿದ್ದವು. ಮಣ್ಣು ಹಾಕುವಾಗ ನಿಜಗುಣಪ್ಪ ಅತ್ತ ತಿರುಗಲಿಲ್ಲ.

ಹನ್ನೊಂದನೆಯ ದಿನದ ಊಟಕ್ಕೆ ಓಣಿಗೆ ಓಣಿಯೇ ಬಂತು. ಕಡೆಗಾದರೂ ಸೋಮವ್ವನಿಗೆ ಬುದ್ಧಿ ಬಂತು, ಲಿಂಗ ಹಿಡಿದೇ ಹೋದಳು, ಎಲ್ಲ ಗಂಡನ ಪುಣ್ಯ ಎಂದು ಪಂಕ್ತಿಯಲ್ಲಿ ಮಾತಾಡಿಕೊಂಡರು. ಹಿರಿಯರೊಬ್ಬರು ಅವನ ಬೆನ್ನು ಸವರಿದರು. ಅವನು ಹುಗ್ಗಿ ಬಡಿಸುತ್ತ ಮುಂದಿನ ಎಲೆಗೆ ಸರಿದ.

ಮಂದಿ ಕರಗಿದ ಮೇಲೆ ಸಪ್ನಾ ಹತ್ತಿರ ಬಂದು ಕುಳಿತಳು. "ಯಪ್ಪಾ, ಅವ್ವ ಖರೇನ ಒಪ್ಪಿದ್ಲೇನು?"

ಮಗಳ ಮುಂದೆ ಅವನಿಗೆ ಸುಳ್ಳು ಬರಲಿಲ್ಲ. "ಇಲ್ಲವಾ. ಕಡೀತನಾ ಒಪ್ಪಲಿಲ್ಲ. ಸತ್ತ ಮ್ಯಾಲ ಕೈಯಾಗ ಇಟ್ಟಾರ."

ಸಪ್ನಾ ಬಹಳ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಗಂಡನ ಮನೆಯವರು ಕುಳಿತಿದ್ದ ಪಡಸಾಲೆಯ ಕಡೆ ನೋಡಿದಳು.

"ಹೊರಗ ಯಾರ ಮುಂದೂ ಅನಬ್ಯಾಡಪಾ," ಎಂದಳು. "ನಾ ಆ ಮನ್ಯಾಗ ಬಾಳೇ ಮಾಡಬೇಕು."

ನಿಜಗುಣಪ್ಪ ಹೂಂ ಎಂದ.